ಮಿದುಳೋ ಬ್ರಹ್ಮಾಂಡವೋ: 1,000 ಪೀಸಿನ ಜಿಗ್ಸಾ ಜೊತೆ ಆರು ಸಂಜೆ

ಡಬ್ಬಿಯ ಮೇಲಿನ ಚಿತ್ರ ನೋಡಿಯೇ ಇದನ್ನು ತರಿಸಿಕೊಂಡೆ. ಎಡಗಡೆ ಮಿದುಳಿನ ಒಂದು ನರಕೋಶ, ಬಲಗಡೆ ಗೆಲಾಕ್ಸಿಗಳ ಬಲೆ. ಎರಡಕ್ಕೂ ಅದೇ ನೇರಳೆ ಹಿನ್ನೆಲೆ, ಅದೇ ಹಳದಿ ಎಳೆಗಳು. ನಡುವೆ ಗೆರೆ ಎಳೆದಿಲ್ಲ, ಒಂದು ಹೋಗಿ ಇನ್ನೊಂದರಲ್ಲಿ ಸೇರಿಕೊಳ್ಳುತ್ತದೆ. ಮೇಲೆ ದಪ್ಪ ಅಕ್ಷರದಲ್ಲಿ 'ಎರಡೂ ಒಂದೇ' ಅಂತ ಅಚ್ಚು ಹಾಕಿದ್ದಾರೆ.

ನಾನು ಲ್ಯಾಬ್ ಟೆಕ್ನಿಷಿಯನ್. 22 ವರ್ಷದಿಂದ ಅಂಗಾಂಶದ ಚೂರುಗಳನ್ನು ಸ್ಲೈಡಿನ ಮೇಲೆ ಕೂರಿಸಿ ಬಣ್ಣ ಹಾಕುತ್ತಿದ್ದೇನೆ. ರಾತ್ರಿ ಆಕಾಶ ನೋಡುವ ಹುಚ್ಚು ಅದಕ್ಕಿಂತ ಹಳೆಯದು. ಪಿಂಡಾಂಡ, ಬ್ರಹ್ಮಾಂಡ ಅನ್ನೋ ಜೋಡಿ ಮಾತು ಚಿಕ್ಕಂದಿನಿಂದ ಕಿವಿಗೆ ಬಿದ್ದದ್ದೇ. ಅದನ್ನು ಕೈಯಲ್ಲಿ ಹಿಡಿದು, ತಿರುಗಿಸಿ ನೋಡುವ ಅವಕಾಶ ಸಿಕ್ಕಿತಲ್ಲ ಅಂತ ಖುಷಿಯಾಯಿತು. ತಮ್ಮನ ಮಗಳು, 9 ವರ್ಷದವಳು, ಜೊತೆಗೆ ಕೂತಳು.

ಮೊದಲ ಸಂಜೆ ಪೀಸ್ ಬೇರೆ ಮಾಡುವುದರಲ್ಲೇ ಕಳೆಯಿತು. ಅಂಚಿನವು ಒಂದು ಕಡೆ, ಎಳೆ ಇರುವವು ಒಂದು ಕಡೆ, ಬರೀ ನೇರಳೆ ಇರುವವು ಇನ್ನೊಂದು ಕಡೆ. ಆಮೇಲೆ ಎಳೆ ಇರುವವನ್ನು ಎಡ, ಬಲ ಅಂತ ವಿಂಗಡಿಸಬೇಕು. ಅಲ್ಲೇ ಸಿಕ್ಕಿಕೊಂಡೆವು.

"ಅತ್ತೆ, ಇದು ತಲೆ ಪೀಸಾ, ಆಕಾಶದ ಪೀಸಾ?"

ಹೇಳಲು ಆಗಲಿಲ್ಲ. ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಒಂದೇ ಒಂದು ಹಳದಿ ಎಳೆ ಕಂಡರೆ ಅದು ಯಾವ ಕಡೆಯದು ಅಂತ ತಿಳಿಯುವುದಿಲ್ಲ. ಆ ಕ್ಷಣದಲ್ಲಿ ನನಗೆ ಮೈ ಜುಮ್ಮೆಂದಿತು. ಡಬ್ಬಿಯ ಮೇಲಿನ ಮಾತು ನಿಜವೇ ಇರಬಹುದಾ ಅನ್ನಿಸಿತು.

ದಾರಿ ಹುಡುಕಿದ್ದು ಅವಳೇ. ಎರಡನೇ ಸಂಜೆ ಭೂತಗನ್ನಡಿ ಹಿಡಿದು ಒಂದೊಂದೇ ಪೀಸ್ ನೋಡುತ್ತಾ ಹೋದಳು. "ಅತ್ತೆ, ಕೆಲವಕ್ಕೆ ಮುಳ್ಳಿದೆ!" ಹೌದು, ಇದೆ. ನರಕೋಶದ ಕೊಂಬೆಗಳ ಮೈಮೇಲೆ ಗುಲಾಬಿ ಕಡ್ಡಿಯ ಮುಳ್ಳಿನ ಹಾಗೆ ಪುಟ್ಟ ಪುಟ್ಟ ಚಾಚುಗಳಿರುತ್ತವೆ. ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು, ಆಸುಪಾಸಿನ ಗಾತ್ರ. ಪಕ್ಕದ ಕೋಶದ ಸಂದೇಶ ಬಂದು ತಲುಪುವುದು ಹೆಚ್ಚಾಗಿ ಇಲ್ಲೇ. ಇಷ್ಟು ಸಣ್ಣ ಮುಳ್ಳೂ ಕಾಣುವ ಹಾಗೆ ಅಚ್ಚು ಹಾಕಿದ್ದಾರೆ ಅಂದರೆ ಪ್ರಿಂಟ್ ಎಷ್ಟು ಚೊಕ್ಕವಾಗಿದೆ ನೋಡಿ. ಗೆಲಾಕ್ಸಿಗಳ ಎಳೆಯಲ್ಲಿ ಮುಳ್ಳಿಲ್ಲ. ಅಲ್ಲಿ ಮಣಿ ಪೋಣಿಸಿದ ಹಾಗೆ ಗಂಟುಗಳಿವೆ. ನರಕೋಶದ ಕೊಂಬೆ ಹೋಗುತ್ತಾ ಹೋಗುತ್ತಾ ಸಣ್ಣಗಾಗಿ ಎಲ್ಲೋ ಒಂದು ಕಡೆ ಮುಗಿದುಬಿಡುತ್ತದೆ. ಆಕಾಶದ ಎಳೆ ಹಾಗೆ ಮುಗಿಯುವುದು ಅಪರೂಪ, ಹೋಗಿ ಇನ್ನೊಂದು ದೊಡ್ಡ ಗಂಟಿಗೆ ಕೂಡಿಕೊಳ್ಳುತ್ತದೆ. ಮುಳ್ಳಿದ್ದರೆ ತಲೆ, ಮಣಿಯಿದ್ದರೆ ಆಕಾಶ. ಈ ಲೆಕ್ಕ ಸಿಕ್ಕ ಮೇಲೆ ಕೆಲಸ ಸರಸರ ಸಾಗಿತು.

ಕಷ್ಟವಾದದ್ದು ನೇರಳೆ ಪೀಸ್‌ಗಳು. ಸುಮಾರು ಮುನ್ನೂರು ಇದ್ದವು, ಎಲ್ಲ ಒಂದೇ ಥರ. ನಾನು ಈ ಜಿಗ್ಸಾ ಬಗ್ಗೆ ಮುಖ್ಯವಾಗಿ ಹೇಳಬೇಕಾದದ್ದೂ ಈ ನೇರಳೆ ಬಗ್ಗೆಯೇ. ಬಲಗಡೆಯ ನೇರಳೆ ನಿಜವಾಗಿ ಬರಿದು. ವಿಶ್ವದ ಬಹುಪಾಲು ಜಾಗ ಹಾಗೆಯೇ ಇದೆ, ಗೆಲಾಕ್ಸಿಗಳು ತೀರಾ ವಿರಳವಾಗಿರುವ ದೊಡ್ಡ ದೊಡ್ಡ ಟೊಳ್ಳುಗಳು. ಎಡಗಡೆಯ ನೇರಳೆ ಬರಿದಲ್ಲ. ಅಲ್ಲಿ ಬೇರೆ ನರಕೋಶಗಳು, ಅವುಗಳ ಎಳೆಗಳು, ರಕ್ತನಾಳಗಳು ಒತ್ತೊತ್ತಾಗಿ ತುಂಬಿವೆ. ಚಿತ್ರದಲ್ಲಿ ಅವಕ್ಕೆ ಬಣ್ಣ ಹಿಡಿದಿಲ್ಲ, ಅಷ್ಟೇ.

ಬಣ್ಣ ಹಾಕದ ಚೂರನ್ನು ಮೈಕ್ರೋಸ್ಕೋಪಿನಲ್ಲಿಟ್ಟರೆ ಏನೂ ಕಾಣುವುದಿಲ್ಲ, ಮಂಜು ಕವಿದ ಗಾಜಿನ ಹಾಗಿರುತ್ತದೆ. 1873ರಲ್ಲಿ ಕಮಿಲ್ಲೊ ಗಾಲ್ಜಿ ಬೆಳ್ಳಿಯ ಲವಣದಿಂದ ನರಕೋಶವನ್ನು ಕಪ್ಪಾಗಿಸುವ ವಿಧಾನ ಕಂಡುಹಿಡಿದರು. ಅದರ ವಿಶೇಷ ಏನು ಗೊತ್ತಾ? ನೂರರಲ್ಲಿ ಕೆಲವೇ ಕೋಶಗಳಿಗೆ ಬಣ್ಣ ಹಿಡಿಯುತ್ತದೆ, ಹಿಡಿದ ಕೋಶಕ್ಕೆ ಬುಡದಿಂದ ತುದಿಯವರೆಗೆ ಹಿಡಿಯುತ್ತದೆ. ಅದಕ್ಕೇ ಒಂಟಿ ಮರದ ಹಾಗೆ ಅಂದವಾಗಿ ಕಾಣುತ್ತದೆ. ಎಲ್ಲಕ್ಕೂ ಹಿಡಿದಿದ್ದರೆ ಚೂರು ಪೂರ್ತಿ ಕಪ್ಪಾಗುತ್ತಿತ್ತು. ಅಂದರೆ ಡಬ್ಬಿಯ ಮೇಲಿನ ಹೋಲಿಕೆಯಲ್ಲಿ ಅರ್ಧದಷ್ಟು ಬಣ್ಣ ಹಾಕುವವರ ಕೈಯಲ್ಲಿ ಹುಟ್ಟಿದ್ದು. ಇದನ್ನು ಮುಚ್ಚಿಡಬಾರದಿತ್ತು. ಒಳಗಿನ ವಿವರಣೆ ಹಾಳೆಯಲ್ಲಿ ಒಂದು ಸಾಲು ಬರೆದಿದ್ದರೆ ಸಾಕಿತ್ತು.

ಆ ಹಾಳೆಯ ಮೇಲೆ ನನಗೆ ಬೇರೆ ತಕರಾರೂ ಇದೆ. ಬಲಗಡೆಯದು 'ಟೆಲಿಸ್ಕೋಪಿನಲ್ಲಿ ತೆಗೆದ ಫೋಟೋ' ಅಂತ ಬರೆದಿದ್ದಾರೆ. ಅಲ್ಲ. ಇಂಥ ಚಿತ್ರಗಳು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಬಿಡಿಸಿದವು. ಹೆಸರಾದದ್ದು 2005ರ ಮಿಲೇನಿಯಂ ಸಿಮ್ಯುಲೇಶನ್. 1,000 ಕೋಟಿಗೂ ಹೆಚ್ಚು ಕಣಗಳನ್ನು ಗುರುತ್ವದ ನಿಯಮಕ್ಕೆ ಬಿಟ್ಟು, ಅವು ಹೇಗೆ ಗುಂಪುಗೂಡುತ್ತವೆ ಅಂತ ನೋಡಿದರು. ಆ ಕಣಗಳು ಕಪ್ಪು ದ್ರವ್ಯದ ಲೆಕ್ಕಕ್ಕೆ ಸೇರಿದವು. ಕಪ್ಪು ದ್ರವ್ಯ ಬೆಳಕು ಬೀರುವುದಿಲ್ಲ, ಫೋಟೋ ತೆಗೆಯುವ ಮಾತೇ ಇಲ್ಲ. ಇನ್ನು ಮಿದುಳಿನಲ್ಲಿ 10,000 ಕೋಟಿ ನರಕೋಶ ಅಂತ ಹಾಕಿದ್ದಾರೆ. ಅದು ಹಳೆಯ ಅಂದಾಜು. 2009ರಲ್ಲಿ ಎಣಿಸಿದಾಗ ಬಂದದ್ದು ಸುಮಾರು 8,600 ಕೋಟಿ, ಅದರಲ್ಲಿ 6,900 ಕೋಟಿ ಹಿಮ್ಮಿದುಳಿನಲ್ಲೇ ಇವೆ.

ಮಿದುಳಿನಲ್ಲಿ ಮುಕ್ಕಾಲು ಭಾಗ ನೀರು, ವಿಶ್ವದಲ್ಲಿ ಮುಕ್ಕಾಲಿಗೆ ಹತ್ತಿರ ಕಪ್ಪು ಶಕ್ತಿ (ವಿಶ್ವ ವೇಗವಾಗಿ ಹಿಗ್ಗಲು ಕಾರಣ ಅಂತ ಹೇಳುವ ಶಕ್ತಿ), ಎರಡೂ ಸುಮ್ನೆ ಇರುವಂಥವು ಅನ್ನೋ ಹೋಲಿಕೆಯೂ ಹಾಳೆಯಲ್ಲಿದೆ. ಇದನ್ನು ನಾನು ಒಪ್ಪುವುದಿಲ್ಲ. ಅಂಗಾಂಶದಿಂದ ನೀರು ತೆಗೆಯುವುದು ನನ್ನ ದಿನದ ಕೆಲಸ. ಆಲ್ಕೊಹಾಲ್, ಆಮೇಲೆ ಕ್ಸೈಲಿನ್, ಆಮೇಲೆ ಮೇಣ. ನೀರು ಹೋದ ಚೂರು ಕುಗ್ಗುತ್ತದೆ. ಆಕಾರ ಉಳಿಯುತ್ತದೆ, ಜೀವ ಉಳಿಯುವುದಿಲ್ಲ. ಸಂದೇಶ ಹೊರುವ ಸೋಡಿಯಂ, ಪೊಟ್ಯಾಸಿಯಂ ಓಡಾಡುವುದೇ ಆ ನೀರಿನಲ್ಲಿ. ಅದನ್ನು ಸುಮ್ಮನಿರುವ ವಸ್ತು ಅನ್ನೋದು ತಪ್ಪು.

ಹಾಗಂತ ಹೋಲಿಕೆ ಬರೀ ಕಣ್ಣಿನ ಆಟವೂ ಅಲ್ಲ. 2020ರಲ್ಲಿ ಇಟಲಿಯ ಖಗೋಳ ವಿಜ್ಞಾನಿ ಫ್ರಾಂಕೊ ವಾಝಾ ಮತ್ತು ನರಶಸ್ತ್ರ ತಜ್ಞ ಅಲ್ಬೆರ್ತೊ ಫೆಲೆಟ್ಟಿ ಇದನ್ನು ಅಳೆದೇ ನೋಡಿದರು. ಮಿದುಳಿನ ತೆಳು ಚೂರಿನ ಚಿತ್ರಗಳು ಒಂದು ಕಡೆ, ವಿಶ್ವದ ಸಿಮ್ಯುಲೇಶನ್ ಇನ್ನೊಂದು ಕಡೆ. ಯಾವ ಗಾತ್ರದಲ್ಲಿ ವಸ್ತುವಿನ ದಟ್ಟಣೆ ಎಷ್ಟು ಏರಿಳಿಯುತ್ತದೆ ಅಂತ ಲೆಕ್ಕ ಹಾಕಿದರು. ಹಿಮ್ಮಿದುಳಿನಲ್ಲಿ ಒಂದು ಮೈಕ್ರಾನ್‌ನಿಂದ 0.1 ಮಿಲಿಮೀಟರ್‌ವರೆಗೆ ಸಿಕ್ಕ ಹಂಚಿಕೆ, ವಿಶ್ವದಲ್ಲಿ 50 ಲಕ್ಷದಿಂದ 50 ಕೋಟಿ ಬೆಳಕಿನ ವರ್ಷಗಳವರೆಗಿನ ಹಂಚಿಕೆಯನ್ನು ಹೋಲುತ್ತಿತ್ತು. ಗಾತ್ರದ ವ್ಯತ್ಯಾಸ 1ರ ಮುಂದೆ 27ಕ್ಕೂ ಜಾಸ್ತಿ ಸೊನ್ನೆ. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಹಾಳೆಯಲ್ಲಿ ಇದು ಇರಬೇಕಿತ್ತು.

ಲೋಳೆ ಬೂಷ್ಟು (ಸ್ಲೈಮ್ ಮೋಲ್ಡ್) ಅನ್ನೋ ಜೀವಿಯ ಕಥೆಯೂ ಇರಬಹುದಿತ್ತು. ಅದು ಆಹಾರ ಹುಡುಕುತ್ತಾ ಬಲೆ ಹೆಣೆಯುವ ರೀತಿಯನ್ನೇ ಕಂಪ್ಯೂಟರಿಗೆ ಕಲಿಸಿ, 37,000 ಗೆಲಾಕ್ಸಿಗಳ ನಡುವಿನ ಎಳೆಗಳನ್ನು ಹುಡುಕಿದ್ದಾರೆ. ಅದೂ 2020ರಲ್ಲೇ.

"ಹಾಗಾದರೆ ಆಕಾಶ ಯೋಚನೆ ಮಾಡುತ್ತಾ ಅತ್ತೆ?" ಅಂತ ನಾಲ್ಕನೇ ಸಂಜೆ ಕೇಳಿದಳು. ಇಬ್ಬರೂ ಕಾಗದ ತಗೊಂಡು ಲೆಕ್ಕ ಹಾಕಿದೆವು. 30 ಕೋಟಿ ಬೆಳಕಿನ ವರ್ಷ ಉದ್ದದ ಒಂದು ಎಳೆ ಇದೆ ಅನ್ನಿ. ವಿಶ್ವದ ವಯಸ್ಸು 1,380 ಕೋಟಿ ವರ್ಷ. ವಿಶ್ವ ಹಿಗ್ಗುವುದನ್ನು ಬದಿಗಿಟ್ಟರೂ, ಶುರುವಿನಿಂದ ಇವತ್ತಿನವರೆಗೆ ಸಂದೇಶ ಹೊತ್ತ ಬೆಳಕು ಆ ಎಳೆಯನ್ನು ದಾಟಲು ಆಗುವುದು 46 ಸಲ. ನರಕೋಶ ಒಂದು ಸೆಕೆಂಡಿನಲ್ಲಿ ಅಷ್ಟು ಸಲ ಮಿಡಿಯಬಲ್ಲದು. ಅವಳು ಪೆನ್ಸಿಲ್ ಕೆಳಗಿಟ್ಟು, "ಪಾಪ, ಒಂದು ಸೆಕೆಂಡ್ ಆಗಿದೆ ಅಷ್ಟೇ" ಅಂದಳು.

ಕಂಪನಿಯವರು ಇನ್ನೊಂದು ಜಿಗ್ಸಾ ಮಾಡುವುದಾದರೆ ನನ್ನದೊಂದು ಕೋರಿಕೆ. ಜೀವಕೋಶದೊಳಗೆ ಪ್ರೊಟೀನ್ ತಯಾರಾಗುವ ಹಾಳೆಯಂಥ ಪೊರೆಗಳು ಒಂದರ ಮೇಲೊಂದು ಜೋಡಿಸಿಕೊಂಡಿರುತ್ತವೆ. ಬಹುಮಹಡಿ ಪಾರ್ಕಿಂಗಿನಲ್ಲಿ ಕಾರು ಸುತ್ತಿಕೊಂಡು ಮೇಲೇರುವ ಇಳಿಜಾರಿನ ಹಾಗೆ, ತಿರುಚಿದ ಇಳಿಜಾರುಗಳು ಆ ಮಹಡಿಗಳನ್ನು ಸೇರಿಸುತ್ತವೆ ಅಂತ 2013ರಲ್ಲಿ ತೋರಿಸಿದರು. 2016ರಲ್ಲಿ ನೋಡಿದರೆ, ನ್ಯೂಟ್ರಾನ್ ನಕ್ಷತ್ರದ (ದೊಡ್ಡ ನಕ್ಷತ್ರ ಸಿಡಿದ ಮೇಲೆ ಉಳಿಯುವ ಒತ್ತಿದ ತಿರುಳು) ತೊಗಟೆಯ ಆಳದ ಸಿಮ್ಯುಲೇಶನ್‌ನಲ್ಲೂ ಅದೇ ಆಕಾರ! ಅಲ್ಲಿನ ವಸ್ತು ನೀರಿಗಿಂತ ಸುಮಾರು 100 ಲಕ್ಷ ಕೋಟಿ ಪಟ್ಟು ಸಾಂದ್ರ. ಎರಡು ಕಡೆಯೂ ಕೆಲಸ ಮಾಡುವ ಬಲಗಳು ಪೂರ್ತಿ ಬೇರೆ. ನನ್ನ ಪ್ರಕಾರ ನರಕೋಶದ ಚಿತ್ರಕ್ಕಿಂತ ಇದು ದೊಡ್ಡ ಅಚ್ಚರಿ, ಯಾಕೆಂದರೆ ಇಲ್ಲಿ ಬಣ್ಣದ ಹಂಗಿಲ್ಲ, ಆಕಾರವೇ ಮಾತಾಡುತ್ತದೆ.

ಇನ್ನು ವಸ್ತುವಿನ ಗುಣಮಟ್ಟ. ರಟ್ಟು ದಪ್ಪವಾಗಿದೆ, ಪೀಸ್ ಗಟ್ಟಿಯಾಗಿ ಕೂರುತ್ತವೆ, ಮೇಲ್ಮೈ ಮಿರುಗುವುದಿಲ್ಲವಾದ್ದರಿಂದ ದೀಪದ ಬೆಳಕಿನಲ್ಲೂ ಕಣ್ಣಿಗೆ ಹಿತ. ಇಬ್ಬರು ಕೂತರೆ ಆರು ಸಂಜೆ ಬೇಕು. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ, ಕಳೆದ ಒಂದು ಅಂಕ ಆ ಹಾಳೆಗೆ. ಕೊಳ್ಳುವವರು ಹಾಳೆಯನ್ನು ಪಕ್ಕಕ್ಕಿಟ್ಟು ಭೂತಗನ್ನಡಿ ತಗೊಳ್ಳಿ.

ನಮ್ಮ ಡಬ್ಬಿಯಲ್ಲಿ ಒಂದು ಪೀಸ್ ಇರಲಿಲ್ಲ. ಬರೆದು ತಿಳಿಸಿದ ಮೇಲೆ ಹತ್ತು ದಿನಕ್ಕೆ ಕಳಿಸಿದರು. ಬೇರೆ ಸಲ ಅಚ್ಚಾದದ್ದಿರಬೇಕು, ನೇರಳೆ ಒಂದು ಚೂರು ಕಪ್ಪು. ನಮ್ಮ ಲ್ಯಾಬಿನಲ್ಲೂ ಅದೇ ಬಣ್ಣ ಬೇರೆ ದಿನ ಹಾಕಿದರೆ ಹೀಗೇ ಆಗುತ್ತದೆ. ಎಲ್ಲಿ ಕೂರಿಸಬೇಕು ಅಂತ ಗೊತ್ತಿದ್ದರೂ ಅವಳು ಮೊದಲು ಭೂತಗನ್ನಡಿಯಲ್ಲಿ ನೋಡಿದಳು. ಮೂಲೆಯಲ್ಲಿ ಒಂದೇ ಒಂದು ಮುಳ್ಳಿತ್ತು.