ಸೆಂಟೆನ್ಸ್ ಕರೆಕ್ಷನ್ ವೀಕೆಂಡ್ ಕ್ಲಾಸು: ಮೇಡಂಗೆ ಐದು ಸ್ಟಾರ್, ಪುಸ್ತಕಕ್ಕೆ ಎರಡೇ

ಮೊದಲೇ ಹೇಳಿಬಿಡುತ್ತೇನೆ. ಸೆಂಟೆನ್ಸ್ ಕರೆಕ್ಷನ್ ಅಂದರೆ ಎಂಬಿಎ ಪ್ರವೇಶ ಪರೀಕ್ಷೆಗಳಲ್ಲಿ ಇಂಗ್ಲಿಷ್ ವಾಕ್ಯದ ತಪ್ಪು ತಿದ್ದುವ ಪ್ರಶ್ನೆ. ಆ ಪರೀಕ್ಷೆಗಳಲ್ಲಿ ನೀವು ಬರೆಯುತ್ತಿರುವುದು ಜಿಮ್ಯಾಟ್ ಅಥವಾ ಕ್ಯಾಟ್ ಆಗಿದ್ದರೆ ಈ ಕ್ಲಾಸಿಗೆ ದುಡ್ಡು ಸುರಿಯಬೇಡಿ. ಜಿಮ್ಯಾಟ್‌ನಲ್ಲಿ ಸೆಂಟೆನ್ಸ್ ಕರೆಕ್ಷನ್ ಈಗ ಇಲ್ಲವೇ ಇಲ್ಲ. 2023ರ ನವೆಂಬರ್‌ನಲ್ಲಿ ಫೋಕಸ್ ಎಡಿಷನ್ ಅನ್ನುವ ಅದರ ಹೊಸ ರೂಪ ಬಂತು, 2024ರ ಜನವರಿ ಕೊನೆಗೆ ಹಳೇ ಪರೀಕ್ಷೆ ನಿಂತಿತು, ಅದರ ಜೊತೆಗೇ ಈ ಪ್ರಶ್ನೆಗಳೂ ಹೋದವು. ಈಗ ಅದರ ವರ್ಬಲ್, ಅಂದರೆ ಭಾಷೆಯ ಭಾಗದಲ್ಲಿ 45 ನಿಮಿಷಕ್ಕೆ 23 ಪ್ರಶ್ನೆ, ಎಲ್ಲಾ ರೀಡಿಂಗ್ ಮತ್ತು ಕ್ರಿಟಿಕಲ್ ರೀಸನಿಂಗ್ (ವಾದ ಸರಿಯೋ ಅಂತ ತೂಗುವ ಪ್ರಶ್ನೆ). ಕ್ಯಾಟ್ ಕೂಡ ನೇರವಾಗಿ ಗ್ರಾಮರ್ ಕೇಳುವುದನ್ನು ಬಿಟ್ಟು ವರ್ಷಗಳಾದವು. ಎನ್‌ಮ್ಯಾಟ್, ಸ್ನ್ಯಾಪ್, ಸಿಮ್ಯಾಟ್, ನಮ್ಮ ಕರ್ನಾಟಕದ ಪಿಜಿಸಿಇಟಿ ಥರದ ಬೇರೆ ಪ್ರವೇಶ ಪರೀಕ್ಷೆ ಬರೆಯುವವರು ಮಾತ್ರ ಮುಂದೆ ಓದಿ.

ಕ್ಲಾಸ್ ಇರುವುದು ದಕ್ಷಿಣ ಬೆಂಗಳೂರಲ್ಲಿ. ಶನಿವಾರ ಒಂದು ಬ್ಯಾಚು, ಭಾನುವಾರ ಒಂದು. ಫೀಸು 8 ಸಾವಿರದ ಆಸುಪಾಸು. ಹೆಸರು ಹಾಕುವುದಿಲ್ಲ. ಈ ಥರದ ಕ್ಲಾಸು ಊರ ತುಂಬಾ ಇವೆ, ಎಲ್ಲಿಗೆ ಹೋದರೂ ನೋಡಬೇಕಾದ್ದು ಇಷ್ಟೇ ಅಂತ ಬರೆಯುತ್ತಿದ್ದೇನೆ.

ಪಾಠ ಮಾಡುವ ಮೇಡಂ ಹಾಸನದ ಕಡೆಯವರು. ಇಂಗ್ಲಿಷ್ ಕಲಿಸುತ್ತಾರೆ, ಆದರೆ ಕನ್ನಡದ ಮಕ್ಕಳು ಎಲ್ಲಿ ಎಡವುತ್ತಾರೆ ಅಂತ ಅವರಿಗೆ ಚೆನ್ನಾಗಿ ಗೊತ್ತು. ಬೋರ್ಡ್ ಮೇಲೆ ಒಂದು ವಾಕ್ಯ ಬರೆದರು: ‘ವಾಕಿಂಗ್ ಟು ದ ಬಸ್ ಸ್ಟಾಪ್, ದ ರೇನ್ ಸ್ಟಾರ್ಟೆಡ್.’ ಅರ್ಧ ಕ್ಲಾಸು ಸರಿ ಅಂತು. ಅನ್ನದೇ ಇನ್ನೇನು, ಬಸ್ ಸ್ಟಾಪಿಗೆ ನಡೆದುಕೊಂಡು ಹೋಗುವಾಗ ಮಳೆ ಶುರುವಾಯಿತು ಅಂತ ನಾವು ದಿನಾ ಹೇಳುತ್ತೇವೆ, ನಡೆದದ್ದು ನಾವು, ಸುರಿದದ್ದು ಮಳೆ, ಯಾರಿಗೂ ಗೊಂದಲ ಇಲ್ಲ. ಇಂಗ್ಲಿಷ್‌ನಲ್ಲಿ ಹಾಗೆ ನಡೆಯುವುದಿಲ್ಲ. ಕಾಮಾ ಆದ ತಕ್ಷಣ ಯಾರ ಹೆಸರು ಬರುತ್ತದೋ ನಡೆದವರು ಅವರೇ ಅಂತ ಲೆಕ್ಕ. ಮೇಡಂ ಕೇಳಿದರು, "ಮಳೆ ಬಸ್ ಸ್ಟಾಪಿಗೆ ಯಾಕ್ರೋ ಹೋಗುತ್ತೆ? ಆಧಾರ್ ತೋರಿಸಿ ಫ್ರೀ ಟಿಕೆಟ್ ತಗೊಳ್ಳೋಕಾ?" ಅದಾದ ಮೇಲೆ ಈ ತಪ್ಪನ್ನು ಯಾರೂ ಮರೆಯಲಿಲ್ಲ ಬಿಡಿ.

ಹೋಲಿಕೆಯ ಪ್ರಶ್ನೆಗಳಲ್ಲೂ ಇದೇ ಕಥೆ. ಬೆಂಗಳೂರಿನ ಜನಸಂಖ್ಯೆ ಮೈಸೂರಿಗಿಂತ ಜಾಸ್ತಿ ಅಂದರೆ ನಮಗೆ ಏನೂ ಕೊರತೆ ಕಾಣುವುದಿಲ್ಲ. ಅದನ್ನೇ ಇಂಗ್ಲಿಷಿಗೆ ಇಳಿಸಿ ‘ಲಾರ್ಜರ್ ದ್ಯಾನ್ ಮೈಸೂರು’ ಅಂತ ಬರೆದರೆ ಪರೀಕ್ಷೆಯಲ್ಲಿ ಮಾರ್ಕ್ಸ್ ಹೋಯಿತು. ಜನಸಂಖ್ಯೆಯನ್ನು ಊರಿನ ಜೊತೆ ಹೋಲಿಸಿದ ಹಾಗಾಯಿತಲ್ಲ, ಅದಕ್ಕೆ. ‘ದ್ಯಾನ್ ದಟ್ ಆಫ್ ಮೈಸೂರು’ ಇರುವ ಆಯ್ಕೆ ಹುಡುಕಬೇಕು. ಇದನ್ನು ನಾನು ಓದಿದ ಯಾವ ಗೈಡೂ ಹೀಗೆ ನಮ್ಮ ಕಡೆಯಿಂದ ನೋಡಿ ವಿವರಿಸಿರಲಿಲ್ಲ.

ಅವರ ಇನ್ನೊಂದು ಅಭ್ಯಾಸ ನನಗೆ ತುಂಬಾ ಹಿಡಿಸಿತು. ವಾಕ್ಯ ಉದ್ದ ಇದ್ದರೆ ಮೊದಲು ಪೆನ್ಸಿಲ್ ಹಿಡಿದು ನಡುವಿನದ್ದನ್ನೆಲ್ಲ ಹೊಡೆದುಹಾಕು ಅನ್ನುತ್ತಾರೆ. ‘ದ ಕ್ವಾಲಿಟಿ ಆಫ್ ದ ಮ್ಯಾಂಗೋಸ್ ಸೋಲ್ಡ್ ಇನ್ ದೀಸ್ ಸ್ಟಾಲ್ಸ್ ಹ್ಯಾವ್ ಫಾಲನ್’ ಅಂತ ಇದೆ ಅನ್ನಿ. ಮಾವಿನಹಣ್ಣು, ಅಂಗಡಿ ಎರಡನ್ನೂ ಹೊಡೆಯಿರಿ. ಉಳಿಯುವುದು ‘ಕ್ವಾಲಿಟಿ ಹ್ಯಾವ್’. ತಪ್ಪು ತಾನಾಗಿ ಕಣ್ಣಿಗೆ ಬೀಳುತ್ತದೆ, ‘ಹ್ಯಾಸ್’ ಬೇಕು. ಆಯ್ಕೆಗಳನ್ನು ಓದುವುದಕ್ಕೂ ಒಂದು ಕ್ರಮ ಇದೆ. ನಾಲ್ಕನ್ನೂ ಪೂರ್ತಿ ಓದುವುದಲ್ಲ, ಒಂದಕ್ಕೂ ಇನ್ನೊಂದಕ್ಕೂ ಎಲ್ಲಿ ವ್ಯತ್ಯಾಸ ಇದೆ ಅಂತ ಮಾತ್ರ ನೋಡುವುದು. ಎರಡರಲ್ಲಿ ‘ಈಸ್’, ಎರಡರಲ್ಲಿ ‘ಆರ್’ ಇದ್ದರೆ, ಅದೊಂದನ್ನು ತೀರ್ಮಾನ ಮಾಡಿದರೆ ಎರಡು ಹಾರಿಹೋಗುತ್ತವೆ. ಎನ್‌ಮ್ಯಾಟ್‌ನ ಲಾಂಗ್ವೇಜ್ ಭಾಗದಲ್ಲಿ 28 ನಿಮಿಷಕ್ಕೆ 36 ಪ್ರಶ್ನೆ, ಅಂದರೆ ಒಂದಕ್ಕೆ ಮುಕ್ಕಾಲು ನಿಮಿಷದ ಮೇಲೆ ಒಂದೆರಡು ಸೆಕೆಂಡು. ಹೀಗೆ ಕತ್ತರಿಸದೆ ಬೇರೆ ದಾರಿ ಇಲ್ಲ.

ಇನ್ನೊಂದು ಮಾತು ಕ್ಲಾಸಲ್ಲಿ ಪದೇ ಪದೇ ಕೇಳುತ್ತಿತ್ತು.

"ಬಿ ಯಾಕಪ್ಪಾ ಬೇಡ?"

"ಕೇಳೋಕೆ ಒಂಥರಾ ಇದೆ ಮೇಡಂ."

"ಒಂಥರಾ ಅಂದ್ರೆ ಆಗಲ್ಲ. ಕರ್ತೃ ಯಾವುದು ತೋರಿಸು."

ಈಗ ಪುಸ್ತಕದ ವಿಷಯ. ಸ್ಪೈರಲ್ ಬೈಂಡಿಂಗ್ ಹಾಕಿದ ದಪ್ಪ ಪುಸ್ತಕ ಕೊಡುತ್ತಾರೆ, ಅದರಲ್ಲಿ ಮುಕ್ಕಾಲು ಪಾಲು ಹಳೇ ಜಿಮ್ಯಾಟ್ ಮಾದರಿಯ ಪ್ರಶ್ನೆಗಳು. ಐದು ಆಯ್ಕೆ, ಮೊದಲನೆಯದು ಯಾವಾಗಲೂ ಕೊಟ್ಟ ವಾಕ್ಯ ಇದ್ದ ಹಾಗೇ. ಅಭ್ಯಾಸಕ್ಕೆ ಕೆಟ್ಟದ್ದೇನಲ್ಲ, ಒಳ್ಳೇ ಗಟ್ಟಿ ಪ್ರಶ್ನೆಗಳೇ. ಆದರೆ ಸ್ನ್ಯಾಪ್ ಬರೆಯುವ ಹುಡುಗನಿಗೆ ಇದರ ಜೊತೆಗೆ ತಪ್ಪಿರುವ ತುಂಡು ಗುರುತಿಸುವುದು, ಪ್ರಿಪೊಸಿಷನ್ ತುಂಬುವುದು ಎಲ್ಲಾ ಬೇಕು, ಅದು ಕೊನೆಯ ಕೆಲವು ಪುಟಗಳಲ್ಲಿ ಮುಗಿದುಹೋಗುತ್ತದೆ. ಕವರ್ ಮೇಲೆ ಇನ್ನೂ ದೊಡ್ಡದಾಗಿ ಜಿಮ್ಯಾಟ್ ಅಂತ ಇದೆ. ಅಡ್ಮಿಷನ್ ದಿನ ಕೇಳಿದ್ದಕ್ಕೆ "ಎಲ್ಲಾ ಎಕ್ಸಾಮ್‌ಗೂ ಆಗುತ್ತೆ ಸರ್" ಅಂದರು. ಅದು ನನಗೆ ಸರಿ ಕಾಣಲಿಲ್ಲ. ಜಿಮ್ಯಾಟ್ ಬರೆಯಲು ಬಂದ ಒಬ್ಬ ಹುಡುಗಿ ನನ್ನ ಪಕ್ಕದಲ್ಲೇ ಕೂತಿದ್ದಳು, ಎರಡನೇ ವಾರದಲ್ಲಿ ಅವಳಿಗೆ ವಿಷಯ ಗೊತ್ತಾಯಿತು. ಫೀಸು ವಾಪಸ್ ಕೊಡಲಿಲ್ಲ.

ಕ್ಲಾಸಿನವರ ಆ್ಯಪ್ ಪುಸ್ತಕಕ್ಕಿಂತಲೂ ಕಡೆ. ಉತ್ತರ ತಪ್ಪಾದರೆ ವಿವರಣೆ ಅಂತ ಒಂದು ಸಾಲು ಬರುತ್ತದೆ, ‘ಆಪ್ಷನ್ ಸಿ ಈಸ್ ಆಕ್ವರ್ಡ್.’ ಅಷ್ಟೇ. ಯಾಕೆ ಆಕ್ವರ್ಡ್ ಅಂತ ಯಾರನ್ನು ಕೇಳುವುದು? ಜೊತೆಗೆ ಶಾರ್ಟ್‌ಕಟ್ ಬೇರೆ. ‘ಬೀಯಿಂಗ್’ ಇದ್ದರೆ ಕಣ್ಣು ಮುಚ್ಚಿ ಬಿಡಿ, ಚಿಕ್ಕದಿದ್ದರೆ ಆರಿಸಿ, ಈ ಥರ. ‘ಇನ್ ಅಡಿಷನ್ ಟು ಬೀಯಿಂಗ್ ಎ ಡಾಕ್ಟರ್, ಶೀ ಪೇಂಟ್ಸ್’ ಅನ್ನುವ ವಾಕ್ಯದಲ್ಲಿ ಏನು ತಪ್ಪಿದೆ ಹೇಳಿ? ಸ್ನ್ಯಾಪ್‌ನಲ್ಲಿ ತಪ್ಪು ಉತ್ತರಕ್ಕೆ ಕಾಲು ಮಾರ್ಕು ಕಟ್, ಅಲ್ಲಿ ಇಂಥ ಸೂತ್ರ ನಂಬಿ ಕೂತರೆ ಕಷ್ಟ. ಎನ್‌ಮ್ಯಾಟ್‌ನಲ್ಲಿ ನೆಗೆಟಿವ್ ಇಲ್ಲ, ಅಲ್ಲಿ ಗೊತ್ತಿಲ್ಲದಿದ್ದರೂ ಒಂದನ್ನು ಒತ್ತಿ ಮುಂದೆ ಹೋಗಬಹುದು.

ಸೇರುವ ಮುಂಚೆ ಡೆಮೋ ಕ್ಲಾಸಿಗೆ ಹೋಗಿ. ಸುಮ್ನೆ ಕೂತು ಬರಬೇಡಿ, ನಿಮಗೆ ಸರಿ ಉತ್ತರ ಗೊತ್ತಿರುವ ಒಂದು ಪ್ರಶ್ನೆ ಹಿಡಿದುಕೊಂಡು ಹೋಗಿ. ಸರಿ ಉತ್ತರ ಯಾವುದು ಅಂತ ಕೇಳಬೇಡಿ, ಉಳಿದ ಮೂರು ಯಾಕೆ ತಪ್ಪು ಅಂತ ಕೇಳಿ. ಮೇಡಂ ಮೂರಕ್ಕೂ ಕಾರಣ ಕೊಡುತ್ತಾರೆ. ಭಾನುವಾರದ ಬ್ಯಾಚು ತೆಗೆದುಕೊಳ್ಳುವ ಸರ್ ಅದೇ ಶಾರ್ಟ್‌ಕಟ್ ಹೇಳುತ್ತಾರೆ, ಹಾಗಾಗಿ ಶನಿವಾರಕ್ಕೇ ಸೇರಿ, ಮಧ್ಯದಲ್ಲಿ ಬದಲಾಯಿಸಲು ಬಿಡುವುದಿಲ್ಲ. ಫೀಸು ಎರಡು ಕಂತಿನಲ್ಲಿ ಕಟ್ಟಬಹುದು, ಅವರಾಗಿ ಹೇಳುವುದಿಲ್ಲ, ನೀವೇ ಕೇಳಬೇಕು.