ಹಳೇ ಟೈಲ್ಸ್ ಕಟ್ಟೆಗೆ ಕಲ್ಲಿನ ವೇಷ: ಸ್ಟಿಕ್ಕರ್, ಸ್ಪಂಜು, ಎಪಾಕ್ಸಿ

ಮೈಸೂರಿನ ನಮ್ಮ ಮನೆ ಕಟ್ಟಿದ್ದು 1994ರಲ್ಲಿ. ಅಡುಗೆ ಕಟ್ಟೆಗೆ ನಾಲ್ಕಿಂಚಿನ ಬಿಳಿ ಟೈಲ್ಸ್. ಅವು ಇನ್ನೂ ಗಟ್ಟಿಯಾಗಿವೆ. ಸಂದಿನ ವೈಟ್ ಸಿಮೆಂಟು ಮಾತ್ರ ಅರಿಶಿನ, ಸಾರು ಎಲ್ಲ ಕುಡಿದು ಕಂದುಗಟ್ಟಿದೆ. ಒಡೆಸಿ ಗ್ರಾನೈಟ್ ಹಾಕಿಸೋಣವೆಂದರೆ ಮೇಸ್ತ್ರಿ ಸಿಂಕು, ಗೋಡೆ ಟೈಲ್ಸ್, ನಲ್ಲಿ ಎಲ್ಲದರ ಲೆಕ್ಕ ಒಟ್ಟಿಗೇ ಕೊಟ್ಟರು. ಆ ಚೀಟಿ ಮಡಿಚಿಟ್ಟು ಕಟ್ಟೆಯನ್ನೇ ಮೂರು ಪಾಲು ಮಾಡಿದೆ: ಸಿಂಕಿನ ಪಕ್ಕ ಮಾರ್ಬಲ್ ಸ್ಟಿಕ್ಕರ್, ಮಿಕ್ಸಿ ಮೂಲೆಗೆ ಸ್ಪಂಜಿನಲ್ಲಿ ಒತ್ತಿದ ಬಣ್ಣ, ಒಲೆಯ ಅಕ್ಕಪಕ್ಕ ಎಪಾಕ್ಸಿ, ಅಂದರೆ ಎರಡು ದ್ರವ ಬೆರೆಸಿ ಸುರಿದರೆ ಗಟ್ಟಿಯಾಗುವ ದಪ್ಪ ಲೇಪ.

ಸ್ಟಿಕ್ಕರ್ ಒಂದು ಮಧ್ಯಾಹ್ನದ ಕೆಲಸ. ಸಂಜೆ ಕಿಟಕಿಯಿಂದ ಓರೆ ಬಿಸಿಲು ಬಿದ್ದಾಗ ಕೆಳಗಿನ ಸಂದುಗಳೆಲ್ಲ ಚೌಕಚೌಕವಾಗಿ ಎದ್ದು ಕಂಡವು. ಮೂರನೇ ವಾರಕ್ಕೆ ಸಿಂಕಿನ ಅಂಚಿನಲ್ಲಿ ನೀರು ನುಗ್ಗಿತು. ನೀರಿನ ಜಾಗವನ್ನೇ ಕೊಟ್ಟು ಅದಕ್ಕೆ ಅನ್ಯಾಯ ಮಾಡಿದೆ, ನಿಜ. ಆದರೆ ಅಡುಗೆಮನೆಯಲ್ಲಿ ಒಣ ಜಾಗ ಎಲ್ಲಿದೆ? ಬಾಡಿಗೆ ಮನೆಯವರಿಗೆ ಸಾಕು, ಹೇರ್ ಡ್ರೈಯರ್ ಬಿಸಿ ತಾಗಿಸಿದರೆ ಬಿಟ್ಟುಬರುತ್ತದೆ.

ಉಳಿದೆರಡಕ್ಕೂ ನಿಜವಾದ ದುಡಿಮೆ ಬಣ್ಣಕ್ಕಿಂತ ಮೊದಲೇ. ಸೋಪಿನಲ್ಲಿ ಜಿಡ್ಡು ತೆಗೆದು, ಟೈಲ್ಸಿನ ಹೊಳಪು ಸಾಯುವವರೆಗೆ 120 ನಂಬರ್ ಉಪ್ಪುಕಾಗದದಲ್ಲಿ ಉಜ್ಜಬೇಕು. ಗಾಜಿನಂಥ ಮೈಗೆ ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲು ಬಳಿಯುವ ತಳಲೇಪ, ಹಿಡಿಯುವುದೇ ಆ ಗೀರುಗಳಿಂದ. ಸಂದು ತುಂಬಲು ಜಾಣತನ ಮಾಡಿ ಮನೆಯಲ್ಲಿದ್ದ ಗೋಡೆ ಪುಟ್ಟಿ ಬಳಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹಿಟ್ಟಿನಂತೆ ಕಿತ್ತು ಬಂತು. ಅಷ್ಟನ್ನೂ ಕೆರೆದು ಎಪಾಕ್ಸಿ ಪುಟ್ಟಿ ಹಾಕಿದೆ. ಎರಡು ದಿನ ದಂಡ.

ಸ್ಪಂಜಿನ ಕೆಲಸ ಮಕ್ಕಳಾಟ. ಬೂದು ಬಣ್ಣದ ಮೇಲೆ ಕಪ್ಪು, ಬಿಳಿ, ಸ್ವಲ್ಪ ಕಂದು ಚುಕ್ಕೆ ಒತ್ತುತ್ತಾ ಹೋಗುವುದು, ಆಮೇಲೆ ಮೂರು ಸಲ ಪಿಯು ಕ್ಲಿಯರ್ ಎಂಬ ಬಣ್ಣವಿಲ್ಲದ ಪಾಲಿಯುರೆಥೇನ್ ಲೇಪ. ತಪ್ಪು ಒತ್ತಿದರೂ ಗ್ರಾನೈಟೇ ಆಗುತ್ತದೆ! ನಾದಿನಿ ಮುಟ್ಟಿ ನೋಡುವವರೆಗೂ ಕಲ್ಲೆಂದೇ ನಂಬಿದ್ದಳು. ಆದರೆ ಲೇಪ ತೆಳು. ಮಿಕ್ಸಿ ಎಳೆದಲ್ಲೆಲ್ಲ ಗೀರು ಬಿತ್ತು, ರಾತ್ರಿಯಿಡೀ ಬಿಟ್ಟ ಅರಿಶಿನದ ಕಲೆ ಪೂರ್ತಿ ಹೋಗಲಿಲ್ಲ.

ಎಪಾಕ್ಸಿಗೆ ತಾಳ್ಮೆ ಬೇಕು. ನಾನು ತಂದದ್ದರಲ್ಲಿ ಎರಡು ಅಳತೆ ರೆಸಿನ್‌ಗೆ (ಮೂಲ ಅಂಟುದ್ರವ) ಒಂದು ಅಳತೆ ಹಾರ್ಡನರ್ (ಅದನ್ನು ಗಟ್ಟಿ ಮಾಡುವ ದ್ರವ). ಕಣ್ಣಂದಾಜಿಗೆ ಬೆರೆಸಿದ ಮೊದಲ ಮಾದರಿ ವಾರವಾದರೂ ಬೆಲ್ಲದ ಪಾಕದಂತೆ ಅಂಟುತ್ತಿತ್ತು. ಬಿಳಿ ಬಣ್ಣದ ಮೇಲೆ ಕೋಳಿಗರಿಯಲ್ಲಿ ಬೂದು ಎಳೆ ಎಳೆದು, ರೆಸಿನ್ ಸುರಿದು, ಹೇರ್ ಡ್ರೈಯರ್ ಬಿಸಿಗೆ ಗುಳ್ಳೆ ಒಡೆದೆ. ಬೆಳಿಗ್ಗೆ ನೋಡಿದರೆ ನನ್ನ ಮಾರ್ಬಲ್ಲಿನೊಳಗೆ ಒಂದು ಸೊಳ್ಳೆ, ರೆಕ್ಕೆ ಬಿಚ್ಚಿಕೊಂಡು, ಶಾಶ್ವತವಾಗಿ. ಮರುದಿನಕ್ಕೆ ಮುಟ್ಟಬಹುದಾದರೂ ಬಳಕೆಗೆ ಏಳು ದಿನ ಕಾದೆವು. ಅಷ್ಟು ದಿನ ಹಿತ್ತಿಲ ಜಗಲಿಯಲ್ಲಿ ಅಡುಗೆ, ಅತ್ತೆಯ ಗೊಣಗಾಟದೊಂದಿಗೆ.

ಗಟ್ಟಿಯಾದ ಮೇಲೆ ಮಾತ್ರ ಕಟ್ಟೆಗೆ ಕನ್ನಡಿಯ ಹೊಳಪು. ಹುಣಸೆರಸ, ನಿಂಬೆಹುಳಿ ಚೆಲ್ಲಿದರೆ ಒರೆಸಿದರಾಯಿತು. ಅಸಲಿ ಮಾರ್ಬಲ್ ಸುಣ್ಣದ ಜಾತಿ, ಹುಳಿ ತಾಗಿದರೆ ಹೊಳಪು ಹೋಗುತ್ತದೆ. ಈ ವಿಷಯದಲ್ಲಿ ನಕಲಿಯೇ ಮೇಲು. ಸೋತದ್ದು ಬಿಸಿಗೆ. ಒಲೆಯಿಂದ ನೇರ ಇಳಿಸಿದ ಕುಕ್ಕರ್ ದುಂಡಗೆ ಮುದ್ರೆ ಒತ್ತಿತು. ಅತ್ತೆ ಈಗ ಅಲ್ಲೊಂದು ಮರದ ಮಣೆ ಇಟ್ಟಿದ್ದಾರೆ, ಮಾತಾಡದೆ. ಕಿಟಕಿ ಬದಿ ಬಿಸಿಲಿಗೆ ತುಸು ಹಳದಿಯೂ ಏರಿದೆ.

ಮತ್ತೆ ಮಾಡುವುದಾದರೆ ಮಾರ್ಬಲ್ ಎಳೆಗಳ ಸಹವಾಸವೇ ಬೇಡ. ನಮ್ಮ ಕಡೆಯ ಅಡುಗೆಮನೆಗಳಲ್ಲಿ ಗ್ರಾನೈಟ್ ನೋಡಿದ ಕಣ್ಣು ಚುಕ್ಕೆಯನ್ನು ಒಪ್ಪುತ್ತದೆ, ಎಳೆಯನ್ನು ಎರಡನೇ ಸಲ ತಿರುಗಿ ನೋಡುತ್ತದೆ. ಚುಕ್ಕೆ ಸ್ಪಂಜಿನದು, ಮೇಲಿನ ದಪ್ಪ ಪದರ ಎಪಾಕ್ಸಿಯದು: ಇವೆರಡೂ ಕೂಡಿದರೆ ಸರಿ. ಮಿಕ್ಸಿ ಮೂಲೆಯ ಗೀರುಗಳನ್ನು ಉಜ್ಜಿ, ಮೇಲೆ ರೆಸಿನ್ ಸುರಿಯುವುದು ಈ ಬೇಸಿಗೆಯ ಕೆಲಸ. ಈ ಸಲ ಸೊಳ್ಳೆ ಪರದೆ ಕಟ್ಟಿ.