ಗ್ರೇಟ್ ಸರ್ಕಲ್ ಮ್ಯಾಪರ್: ದೂರಕ್ಕೆ ಪೂರ್ತಿ ಅಂಕ, ಸಮಯಕ್ಕೆ ಅರ್ಧ

ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ ತೋರಿಸುವ ಉಚಿತ ತಾಣಗಳು ಬೇಕಾದಷ್ಟಿವೆ. ಅವುಗಳಲ್ಲಿ ಗ್ರೇಟ್ ಸರ್ಕಲ್ ಮ್ಯಾಪರ್ ನೋಡಲು ಹಳೇ ಕಾಲದ್ದು, ಲೆಕ್ಕದಲ್ಲಿ ಗಟ್ಟಿ. ಎರಡು ನಿಲ್ದಾಣಗಳ ಮೂರಕ್ಷರದ ಕೋಡ್‌ಗಳ ನಡುವೆ ಅಡ್ಡಗೆರೆ ಹಾಕಿ ಟೈಪ್ ಮಾಡಿದರೆ ನಕ್ಷೆ, ದೂರ ಎರಡೂ ಬರುತ್ತವೆ. ಊರಿನ ಹೆಸರು ನಂಬಿಕೊಳ್ಳಬೇಡಿ: ಸಿಡ್ನಿ ಆಸ್ಟ್ರೇಲಿಯಾದಲ್ಲೂ ಇದೆ, ಕೆನಡಾದಲ್ಲೂ ಇದೆ. ಕೋಡ್ ಬೇರೆಬೇರೆ.

ಉತ್ತರ ಯಾವ ಅಳತೆಯಲ್ಲಿದೆ ಎಂದೂ ನೋಡಿ. ಮಾಮೂಲಿ ಮೈಲಿ 1.609 ಕಿ.ಮೀ., ಹಡಗು, ವಿಮಾನಗಳಿಗೆ ಬಳಸುವ ನಾಟಿಕಲ್ ಮೈಲಿ 1.852 ಕಿ.ಮೀ. ಒಂದನ್ನು ಇನ್ನೊಂದೆಂದು ಓದಿದರೆ ದೂರ ಶೇ. 15ರ ಆಸುಪಾಸು ಏರುಪೇರು. ಭೂಮಿಯನ್ನು ಪೂರ್ಣ ಗೋಳವೆಂದು ಹಿಡಿಯುವ ಸರಳ ತಾಣಗಳಲ್ಲೂ ತಪ್ಪು ಹೆಚ್ಚೆಂದರೆ ಶೇ. 0.5. ಪ್ರಯಾಣಿಕರಿಗೆ ಅದು ಲೆಕ್ಕಕ್ಕಿಲ್ಲ.

ತಕರಾರು ಇರುವುದು ಸಮಯದ ಬಗ್ಗೆ. ಲಂಡನ್ ಹೀಥ್ರೋ–ನ್ಯೂಯಾರ್ಕ್ ಜೆಎಫ್‌ಕೆ ಸುಮಾರು 5,550 ಕಿ.ಮೀ. ಗಂಟೆಗೆ 900 ಕಿ.ಮೀ. ವೇಗ ಕೊಟ್ಟರೆ 6 ಗಂಟೆ 10 ನಿಮಿಷ. ರನ್‌ವೇವರೆಗಿನ ಓಡಾಟ, ಏರುವುದು, ಇಳಿಯುವುದಕ್ಕೆಂದು ಅರ್ಧ ಗಂಟೆ ನಾವೇ ಸೇರಿಸಬೇಕು. ಹೋಗಲಿಕ್ಕೂ ಬರಲಿಕ್ಕೂ ಇದೇ ಉತ್ತರ! ವೇಳಾಪಟ್ಟಿ ನೋಡಿದರೆ ಲಂಡನ್‌ಗೆ ಸುಮಾರು 7 ಗಂಟೆ, ನ್ಯೂಯಾರ್ಕ್‌ಗೆ ಸುಮಾರು 8. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಎಂಬ ಬಿರುಗಾಳಿ ಒಂದು ಕಡೆ ತಳ್ಳುತ್ತದೆ, ಇನ್ನೊಂದು ಕಡೆ ತಡೆಯುತ್ತದೆ; ಚಳಿಗಾಲದಲ್ಲಿ ಇನ್ನೂ ಜೋರು. 2020ರ ಫೆಬ್ರವರಿಯಲ್ಲಿ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ವಿಮಾನವೊಂದು ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ತಲುಪಿದ್ದು ಈ ಗಾಳಿಯ ಬಲದಿಂದಲೇ.

ನಕ್ಷೆಯ ಗೆರೆ ಅತಿ ಹತ್ತಿರದ ದಾರಿ ಅಷ್ಟೇ, ವಿಮಾನ ಅದೇ ದಾರಿ ಹಿಡಿಯಬೇಕೆಂದಿಲ್ಲ. 2016ರಲ್ಲಿ ಏರ್ ಇಂಡಿಯಾ ದೆಹಲಿ–ಸ್ಯಾನ್‌ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲೆ ಹಾರಿಸಿತು. ಸುಮಾರು 1,400 ಕಿ.ಮೀ. ಸುತ್ತು, ಆದರೂ ಹಿಂಗಾಳಿ ಸಿಕ್ಕಿ ಪ್ರಯಾಣ ಬೇಗ ಮುಗಿಯಿತು. ಹೆಲ್ಸಿಂಕಿ–ಟೋಕಿಯೊ ಇದಕ್ಕೆ ತಿರುಗು ಮುರುಗು: 2022ರಲ್ಲಿ ರಷ್ಯಾದ ವಾಯುಪ್ರದೇಶ ಮುಚ್ಚಿದ ಮೇಲೆ ಒಂಬತ್ತೂವರೆ ಗಂಟೆಯ ಹಾರಾಟ ಸುಮಾರು 13 ಗಂಟೆಗೆ ಹೋಯಿತು. ಮ್ಯಾಪರ್‌ಗೆ ಇದ್ಯಾವುದೂ ಗೊತ್ತಾಗದು, ನಡುವಿನ ಊರುಗಳನ್ನು ನಾವೇ ಸೇರಿಸಿ ಸುತ್ತು ಅಳೆಯಬೇಕು.

ಟಿಕೆಟ್‌ನಲ್ಲಿರುವ ಹೊರಡುವ, ತಲುಪುವ ಹೊತ್ತು ಆಯಾ ಊರಿನವು. ಎರಡನ್ನೂ ಯುಟಿಸಿಗೆ (ಇಡೀ ಜಗತ್ತಿಗೆ ಒಂದೇ ಆದ ಮೂಲ ಸಮಯ) ತಿರುಗಿಸಿ ಕಳೆದರಷ್ಟೇ ಪ್ರಯಾಣದ ಅವಧಿ ಸಿಗುತ್ತದೆ. ಮಾರ್ಚ್‌ನಲ್ಲಿ ಎಚ್ಚರ: ಅಮೆರಿಕ ಗಡಿಯಾರವನ್ನು ಯುರೋಪಿಗಿಂತ ಮೊದಲೇ ಮುಂದಿಡುತ್ತದೆ, ಎರಡು ಮೂರು ವಾರ ಇಬ್ಬರ ನಡುವಿನ ಅಂತರ ಮಾಮೂಲಿಗಿಂತ ಒಂದು ಗಂಟೆ ಕಡಿಮೆ. ಕನೆಕ್ಟಿಂಗ್ ವಿಮಾನ ಹಿಡಿಯುವವರು ಮ್ಯಾಪರ್ ಬದಿಗಿಟ್ಟು, ವಿಮಾನಗಳ ಜಾಡು ತೋರಿಸುವ ಫ್ಲೈಟ್‌ರಾಡಾರ್24 ತಾಣದಲ್ಲಿ ಅದೇ ವಿಮಾನ ಸಂಖ್ಯೆಯ ಕಳೆದ ವಾರದ ಹಾರಾಟಗಳನ್ನು ನೋಡುವುದು ಒಳ್ಳೆಯದು.